ನುಡಿಯ ಕೆಳಗಿನ ಹೆಸರು

ಅಂದು ಬೆಳಿಗ್ಗೆ ಖಾನಾಪುರದಲ್ಲಿ ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಗ್ರಂಥಾಲಯದ ಕರಿಹಲಗೆ ತೇವಗೊಂಡು ಸೀಮೆಸುಣ್ಣ ಹತ್ತುತ್ತಿರಲಿಲ್ಲ. ಜವಾನ ಹಿದಾಯತುಲ್ಲಾ ಎರಡು ಸಲ ಒರೆಸಿದ. ಮೂರನೆಯ ಸಲ ಬಟ್ಟೆ ಕೆಳಗಿಟ್ಟ. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಹಲಗೆಯನ್ನು ಖಾಲಿ ಬಿಟ್ಟ.

"ಬರಿಯೋ ಮಾರಾಯಾ," ಎಂದರು ಕರೆಪ್ಪ ಮಾಸ್ತರರು. "ನುಡಿ ಇಲ್ಲಂದ್ರ ನಾ ಎದರ ಅರ್ಥ ಹೇಳಲಿ?"

"ಅರ್ಥ ಹೇಳಿ ಹೇಳಿನ ಇಲ್ಲಿಮಟಾ ತಂದ್ರಿ ಮಾಸ್ತರ್ರ. ಇನ್ನರ ಸುಮ್ಮ ಕುಂದರ್ರಿ."

ಶ್ರಾವಣದ ಪುರಾಣದಲ್ಲಿ ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಈ ಗ್ರಂಥಾಲಯದಲ್ಲೂ ಅದೇ ಪದ್ಧತಿ ಬೆಳೆದಿತ್ತು. ಪ್ರಸಿದ್ಧ ಕಾದಂಬರಿಕಾರ ಬಾಳಪ್ಪ ಪಾರಿಶ್ವಾಡರ ನುಡಿಯೊಂದನ್ನು ದಿನವೂ ಹಿದಾಯತುಲ್ಲಾ ಹಲಗೆಯ ಮೇಲೆ ಬರೆಯುವುದು. ನಿವೃತ್ತ ಮಾಸ್ತರರು ಬಾಳಿಗೂ ಬರಹಕ್ಕೂ ಹೊಂದಿಸಿ ಅದರ ಅರ್ಥ ಹೇಳುವುದು. ನೂರೆಂಟು ನುಡಿಗಳನ್ನು ಆರಿಸಿ, ಬರೆದ ತಾರೀಖು, ತಮ್ಮ ಅರ್ಥ ಎಲ್ಲ ಸೇರಿಸಿ, ಮುನ್ನುಡಿ ಕೇಳಿ ಅವರು ಬೆಳಗಾವಿಗೆ, ಶಿವಬಸವ ನಗರದ ಬಾಳಪ್ಪನವರ ಮನೆಗೆ ಕಳಿಸಿದ್ದರು.

ಮುನ್ನುಡಿ ಬರಲಿಲ್ಲ. ಗ್ರಂಥಾಲಯ ಇಲಾಖೆಯ ಮೇಲಿನ ಕಚೇರಿಗೆ ಅವರ ಪತ್ರ ಬಂತು.

"ಇವುಗಳಲ್ಲಿ ಹೆಚ್ಚಿನವು ನನ್ನ ಮಾತುಗಳಲ್ಲ. ಹಲಗೆ ಬರೆಯುವವರನ್ನು ನಾನು ನೋಡಬೇಕು. ನಮ್ಮಿಬ್ಬರ ನಡುವೆ ಒಂದು ಬಾಕಿ ಇದೆ."

ಹಿದಾಯತುಲ್ಲಾನ ನಿವೃತ್ತಿಗೆ ಎಂಟು ದಿನ ಉಳಿದಿತ್ತು. ಹಾರ ಹಾಕಿಸಿಕೊಂಡು ಹೊರಡುವುದೋ, ಹೆಸರು ಕದ್ದವನೆಂದು ಹೊರಬೀಳುವುದೋ, ಇಂದು ತೀರ್ಮಾನ.

ಹತ್ತು ಗಂಟೆಗೆ ಬರಬೇಕಾದ ಜೀಪು ಹನ್ನೊಂದಕ್ಕೆ ಬಂತು. "ಈ ಮಂಜಿನ್ಯಾಗ ದೇಸೂರ ದಾಟೂದ್ರಾಗ ಒಂದ್ ತಾಸು ಹೋತು," ಎನ್ನುತ್ತ ಅಧಿಕಾರಿ ಶೀತಲ ಇಳಿದರು. ಹಿಂದೆ ಬಾಳಪ್ಪ. ಅವರು ತಕ್ಷಣ ಒಳಗೆ ಬರಲಿಲ್ಲ. ಹೊರಗೋಡೆಯ ಮುಂದೆ ನಿಂತು, ಅಲ್ಲಿ ಉಳಿದಿದ್ದ ಎರಡು ಬರಿಯ ಮೊಳೆಗಳನ್ನು ನೋಡುತ್ತಿದ್ದರು.

"ಬೋರ್ಡ ಒಳಗ ತಂದೀವ್ರಿ ಸಾಹೇಬ್ರ," ಎಂದ ಹಿದಾಯತುಲ್ಲಾ. "ಐದ್ ವರ್ಷಾತು."

ಬಾಳಪ್ಪ ಒಳಗೆ ಬಂದು ಕೂತರು. ಶೀತಲ ಅವರ ಮುಂದೆ ಬಿಳಿ ಹಾಳೆ ಇಟ್ಟರು. "ಹೇಳಿಕೆ ಬರದು ಕೊಡ್ರಿ ಸರ್. ಮುಂದಿಂದು ನಾವು ನೋಡ್ಕೋತೀವಿ."

"ಮೊದಲ ಅವರನ್ನ ಕೇಳ್ತೀನಿ." ಬಾಳಪ್ಪ ಮಾಸ್ತರರ ಹಸ್ತಪ್ರತಿ ತೆರೆದು ಓದಿದರು. "'ಬರೆದದ್ದು ಬರೆದವನಿಗಿಂತ ದೊಡ್ಡದಾದರೆ, ಬರೆದವನು ಎದ್ದು ಜಾಗ ಬಿಡಬೇಕು.' ಇದು ಯಾರದು?"

"ನಂದರಿ. ಬಸ್ಸಿನ್ಯಾಗ ಒಬ್ಬ ಮುದುಕಿಗೆ ಸೀಟು ಬಿಟ್ಟಾಗ ಹೊಳೀತು."

ಮಾಸ್ತರರ ಮುಖ ಬಿಳಿಚಿತು. "ಅದಕ್ಕ ಹನ್ನೊಂದು ಪುಟ ಬರದೇನಲ್ಲೋ," ಎಂದು ಗೊಣಗಿದರು. "ಶರಣರ ಲಿಂಗಾಂಗ ಸಾಮರಸ್ಯನೂ ತಂದೀನಿ."

"ಮತ್ತ ನನ್ನ ಹೆಸರು ಯಾಕ ಹಾಕಿದ್ರಿ?" ಬಾಳಪ್ಪ ಕೇಳಿದರು.

"ನಿಮ್ಮ ಪುಸ್ತಕದಾಗಿನ್ವು ತೀರಿದ್ವರಿ. ಒಮ್ಮಿ ನಂದ ಬರದು, ಹೆಸರಿಲ್ದ ಬಿಟ್ಟೆ. ಯಾರೂ ನಿಂದರಲಿಲ್ಲ. ಮರುದಿವಸ ಅದನ್ನ ನಿಮ್ಮ ಹೆಸರಿಲೆ ಬರದೆ. ಮಾಸ್ತರ್ರು ಅರ್ಧಾ ತಾಸು ಅರ್ಥ ಹೇಳಿದ್ರು. ಮಂದಿ ಕೂಡಿತು."

"ತಪ್ಪು ಒಪ್ಪಿಕೊಂಡಂಗಾತು," ಎಂದರು ಶೀತಲ.

ಬಾಳಪ್ಪ ಪುಟ ಹೊರಳಿಸಿದರು. ದನಿ ತಗ್ಗಿತು. "'ಹೋದವರು ಬಾಗಿಲು ಮುಚ್ಚಿ ಹೋಗುವುದಿಲ್ಲ, ಅದು ಉಳಿದವರ ಕೆಲಸ.' ಇದು?"

ಹಿದಾಯತುಲ್ಲಾ ಅಂದು ಮೊದಲ ಸಲ ತಲೆಯೆತ್ತಿದ. "ಇದು ನಿಮ್ಮದ ಐತ್ರಿ. ಪ್ರಶಸ್ತಿ ಬಂದ ಕಾದಂಬರಿದು ಮೊದಲನೇ ಸಾಲು."

"ನೀವು ಬೋರ್ಡಿನ ಮ್ಯಾಲ ಯಾವಾಗ ಬರದ್ರಿ?"

"ನನ್ನ ಹೆಂಡತಿ ಬಿಲ್ಕೀಸ ತೀರಿಕೊಂಡು ನಲವತ್ತು ದಿನ ಆಗಿತ್ರಿ. ಎಲ್ಲೋ ಓದಿದ್ದು ಮನಸಿನ್ಯಾಗ ಉಳದಿತ್ತು ಕಾಣತೈತಿ, ಕೈ ತಾನ ಬರೀತು. ಆಮ್ಯಾಲ ನಿಮ್ಮ ಪುಸ್ತಕದಾಗ ನೋಡಿ ಜೀವಕ್ಕ ಸಮಾಧಾನಾತು. ಇದೊಂದರ ಕೆಳಗರ ನಾ ಸುಳ್ಳು ಹೆಸರು ಹಾಕಿಲ್ಲಲ್ಲಾ ಅಂತ."

ಬಾಳಪ್ಪ ಪೆನ್ನು ತೆಗೆದರು.

"ಸಾಹೇಬ್ರ, ಎಂಟ ದಿನ ಉಳದೈತ್ರಿ ಅವಂದು," ಎಂದರು ಮಾಸ್ತರರು. "ಅರ್ಥ ಹೇಳಿ ಮಂದಿ ಕೂಡಿಸಿದಾಂವ ನಾನು. ನನ್ನ ಹೆಸರೂ ಬರೀರಿ."

ಬಾಳಪ್ಪ ತಲೆಯೆತ್ತಲಿಲ್ಲ. ಐದೇ ಸಾಲು, ಆದರೆ ಬರೆಯಲು ಬಹಳ ಹೊತ್ತು ಹಿಡಿಯಿತು. ಹಂಚಿನ ಅಂಚಿನಿಂದ ಮಂಜು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಅವರು ಸಹಿ ಹಾಕಿದರು. ಹಾಳೆಗಾಗಿ ಶೀತಲ ಕೈ ಚಾಚಿದರು. ಬಾಳಪ್ಪ ಎದ್ದು, ಅವರನ್ನು ದಾಟಿ ಹೋಗಿ, ಅದನ್ನು ಹಿದಾಯತುಲ್ಲಾನ ಕೈಯಲ್ಲಿಟ್ಟರು.

"ಬಾಗಿಲಿನ ಆ ಸಾಲು ಹಿದಾಯತುಲ್ಲಾ ಅವರದು. ಖಾನಾಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಹೊರಗೋಡೆಯ ಹಲಗೆಯಲ್ಲಿ ಓದಿದೆ. ಕೆಳಗೆ ನನ್ನ ಹೆಸರಿದ್ದರೂ ನಾನು ಬರೆದದ್ದಲ್ಲವೆಂದು ಅಂದೇ ಗೊತ್ತಿತ್ತು. ಮರುವರ್ಷ ನನ್ನ ಕಾದಂಬರಿಗೆ ಇಟ್ಟುಕೊಂಡೆ. ಕದ್ದವನು ನಾನು."