ಹಿತ್ತಾಳೆ ಚಿಲಕ

ಈಗ ಮ್ಯೂಸಿಯಂ ಆಗಿದ್ದ ಚಿತ್ರಕಾರರ ಮನೆಯ ಬಾಗಿಲಲ್ಲಿ, ಸೊಸೆಯ ಕೈಚೀಲದಿಂದ ಹೊರಬಂದ ಹೊಸ ಹಿತ್ತಾಳೆ ಚಿಲಕವನ್ನು ಕಾವಲುಗಾರ್ತಿ ತಿರುಗಿಸಿ ತಿರುಗಿಸಿ ನೋಡಿದಳು. "ಇದನ್ನ ಒಳಗೆ ಬಿಡಲ್ಲ ಮೇಡಂ. ಚಿತ್ರಕ್ಕೆ ಒಂದು ಗೀರು ಬಿದ್ರೂ ನನ್ನ ತಲೆಗೆ ಬರುತ್ತೆ."

"ಮನೆಗೆ ಅಂತ ನಿನ್ನೆ ತಗೊಂಡಿದ್ದು. ಚೀಲದಲ್ಲೇ ಉಳೀತು," ಎಂದಳು ಸೊಸೆ. ಪಕ್ಕದಲ್ಲಿದ್ದ ಅತ್ತೆಯ ಕಣ್ಣು ಚಿಲಕದ ಮೇಲೆ ಒಂದು ಗಳಿಗೆ ನಿಂತು, ಆಚೆ ಹೊರಳಿತು. ಎಲ್ಲದಕ್ಕೂ ಬಾಯಿ ಹಾಕುವ ಹೆಂಗಸು ಇದೊಂದಕ್ಕೆ ಸುಮ್ಮನಿದ್ದದ್ದು ಸೊಸೆಗೆ ಸರಿಕಾಣಲಿಲ್ಲ.

ಅವಳ ಕೆಲಸವೇ ಅಂಥದ್ದು. ಪಿಂಚಣಿ ಕಚೇರಿಯಲ್ಲಿ ಕೂತು, ಜನ ಹೇಳಿದ ಹುಟ್ಟಿದ ತಾರೀಖನ್ನು ದಾಖಲೆಯ ಜೊತೆ ತಾಳೆ ನೋಡುವುದು. ತಾಳೆಯಾಗದೆ ಉಳಿದವರು ಮನೆಯಲ್ಲಿದ್ದ ಅತ್ತೆ ಒಬ್ಬರೇ. ಈ ಚಿತ್ರಕಾರರ ಮನೆಯಲ್ಲಿ ತಮ್ಮ ತಾಯಿ ಬಟ್ಟೆ ಒಗೆಯುತ್ತಿದ್ದಳು, ಅವರ ಹೆಸರುವಾಸಿ ಚಿತ್ರ 'ಕಿಟಕಿಯ ಹುಡುಗಿ'ಯಲ್ಲಿರುವುದು ತಾವೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಿಕೊಳ್ಳಲಿ, ಅದರಿಂದ ಯಾರಿಗೇನು ನಷ್ಟ. ಆದರೆ ಹತ್ತೊಂಬತ್ತು ವರ್ಷದಿಂದ ಸೊಸೆಯ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಬೇರೆಯೇ ಇತ್ತು. ತಮ್ಮ ಸ್ವಂತ ಮನೆಯಲ್ಲಿ ಬೀದಿಬಾಗಿಲು ಬಿಟ್ಟರೆ ಒಂದು ಬಾಗಿಲಿಗೂ ಚಿಲಕವಿರಲಿಲ್ಲ. ಮಗನ ಮದುವೆಗೆ ಮೊದಲೇ ಅತ್ತೆ ಎಲ್ಲವನ್ನೂ ಬಿಚ್ಚಿಸಿ ಹಾಕಿದ್ದರು. ಮಲಗುವ ಕೋಣೆಗೆ ಕುರ್ಚಿ ಅಡ್ಡ. ಸ್ನಾನಕ್ಕೆ ಹೋದವರು ಹೊರಬರುವ ತನಕ ಕೆಮ್ಮುತ್ತಿರಬೇಕು. ಕಾರಣ ಕೇಳಿದರೆ ಗಂಡ, "ಅಮ್ಮಂದು ಗೊತ್ತಲ್ಲ," ಎಂದು ಪೇಪರು ಬಿಡಿಸುತ್ತಿದ್ದ. ಸೊಸೆಗೆ ಗೊತ್ತಿತ್ತು: ಇಣುಕುವುದಕ್ಕೆ, ಕಿವಿಗೊಡುವುದಕ್ಕೆ, ಇನ್ಯಾತಕ್ಕೆ? ಇವತ್ತು ಆ ಚಿತ್ರದ ಸುಳ್ಳು ಬಯಲಾಗಲಿ. ನಾಳೆ ಚಿಲಕ ಹಾಕಲು ಬಡಗಿ ಬಂದಾಗ ಎದುರಾಡಲು ಅತ್ತೆಗೆ ಬಾಯಿರುವುದಿಲ್ಲ.

ಮಹಡಿಯ ಮೇಲಿನ ಕೋಣೆಯಲ್ಲಿ, ಚಿತ್ರದಲ್ಲಿದ್ದ ಅದೇ ಕಿಟಕಿಯ ಪಕ್ಕದಲ್ಲಿ ಚಿತ್ರ ತೂಗುತ್ತಿತ್ತು. ಗೈಡ್ ಗಂಟಲು ಸರಿಮಾಡಿಕೊಂಡ. "ಹುಡುಗಿ ಕೂತಿರೋ ರೀತಿ ನೋಡಿ. ಮೈಯೆಲ್ಲ ಬಿಗಿಹಿಡಿದು ಯಾರಿಗೋ ಕಾಯ್ತಾ ಇದೆ. ಈ ಕಾಯೋದರ ಮೇಲೇ ಎರಡು ಪುಸ್ತಕ ಬಂದಿದೆ."

"ಯಾರಿವಳು?" ಕೆಳಗಿನ ಫಲಕವನ್ನು ಓದಿಯೂ ಸೊಸೆ ಗಟ್ಟಿಯಾಗಿ ಕೇಳಿದಳು.

"ಅವರ ತಂಗಿ ಮಗಳು ಮೇಡಂ. ಇಲ್ಲೇ ಬರೆದಿದೆಯಲ್ಲ."

"ಕೇಳಿಸ್ತಾ ಅತ್ತೆ?"

"ಕೇಳಿಸ್ತು," ಎಂದರು ಅತ್ತೆ. "ಮುಖ ಅವಳದೇ. ಅವಳು ಒಂದು ದಿನ ಬಂದು ಮುಖ ಕೊಟ್ಟು ಹೋದಳು. ಕತ್ತಿನಿಂದ ಕೆಳಗೆ ನಾನು."

ಗೈಡ್ ನಕ್ಕುಬಿಟ್ಟ. ಸೊಸೆಯೂ ನಗುತ್ತಿದ್ದಳೋ ಏನೋ, ಆದರೆ ಅತ್ತೆ ಆಗಲೇ ಚಿತ್ರಕ್ಕೆ ಬೆನ್ನು ಹಾಕಿ ಬಾಗಿಲನ್ನು ನೋಡುತ್ತಿದ್ದರು.

"ಹೊರಗಡೆ ಚಿಲಕ ಇತ್ತಲ್ಲಪ್ಪ, ತೆಗೆದುಬಿಟ್ರಾ?"

"ಹೊರಗಡೆ ಯಾಕಿರುತ್ತೆ ಅಜ್ಜಿ? ಅವರಿದ್ದಾಗ ಹೇಗಿತ್ತೋ ಹಾಗೇ ಇಟ್ಟಿದ್ದೀವಿ. ಒಂದು ಮೊಳೆ ಆಚೀಚೆ ಮಾಡಿಲ್ಲ."

"ಇತ್ತು. ಮಗು ಅಲ್ವಾ, ಅಲ್ಲಾಡ್ತೀನಿ, ಆಡೋಕೆ ಓಡಿಹೋಗ್ತೀನಿ ಅಂತ ಅವರು ಚಿಲಕ ಹಾಕ್ಕೊಂಡು ಊಟಕ್ಕೆ ಹೋಗೋರು. ಒಂದೊಂದ್ಸಲ ಮರೆತೇ ಬಿಡೋರು. ಅಮ್ಮ ಕೆಳಗೆ ಒಗೆಯೋ ಕಲ್ಲಿನ ಹತ್ರ ಇರೋಳು, ಈ ಕಿಟಕೀಲಿ ಕಾಣೋಳು. ಕೂಗಿದ್ರೆ ಅವಳ ಕೆಲಸ ಹೋಗುತ್ತೆ ಅಂದಿದ್ರು. ಅವಳೇ ತಲೆ ಎತ್ತಿ ನೋಡ್ಲಿ ಅಂತ ಕೂತಿರ್ತಿದ್ದೆ."

ಒಂದು ಸುಳ್ಳು ಹಿಡಿದರೆ ಅದರ ಹಿಂದೆ ಇನ್ನೊಂದು, ಎಂದುಕೊಂಡಳು ಸೊಸೆ. ಇದನ್ನಂತೂ ಇಲ್ಲೇ ತಾಳೆ ನೋಡಬಹುದು. ಹೊರಗೆ ಹೋಗಿ ಬಾಗಿಲನ್ನು ಅರ್ಧ ಎಳೆದುಕೊಂಡು ಅದರ ಮೇಲೆ ಹೆಬ್ಬೆರಳಾಡಿಸಿದಳು. ದಪ್ಪನೆಯ ಹಸಿರು ಬಣ್ಣ, ಕನ್ನಡಿಯಂಥ ನುಣುಪು. ಭುಜದ ಎತ್ತರಕ್ಕೆ ಬಂದಾಗ ಬೆರಳು ತಗ್ಗಿಗಿಳಿಯಿತು. ಒಂದು ತಗ್ಗು. ಅದರ ಪಕ್ಕ ಇನ್ನೊಂದು. ಕೆಳಗೆರಡು. ನಿನ್ನೆ ಅಂಗಡಿಯಲ್ಲಿ ಚಿಲಕದ ತೂತುಗಳ ಅಳತೆ ನೋಡಿ ಆರಿಸಿದವಳಿಗೆ ಆ ನಾಲ್ಕರ ನಡುವಿನ ಅಂತರ ಬಾಯಿಪಾಠವಾಗಿತ್ತು.

ಹಿಂದೆಯೇ ಬಂದ ಗೈಡ್ ಬಗ್ಗಿ ನೋಡಿದ. "ಹಳೇ ಮರ ಮೇಡಂ. ಹುಳ ಕೊರೆದಿರುತ್ತೆ."

"ಹುಳ ನಾಲ್ಕು ಮೂಲೆ ಲೆಕ್ಕ ಹಾಕಿ ಕೊರೆಯುತ್ತಾ?" ಸೊಸೆಯ ದನಿ ಅವಳಿಗೇ ಒರಟಾಗಿ ಕೇಳಿಸಿತು. ಒಳಗೆ ಒಂಟಿಯಾಗಿ ಉಳಿದಿದ್ದ ಅತ್ತೆ, "ಬಾಗಿಲು ಹಾಕ್ಬೇಡ ಕಣೇ," ಎಂದರು. ಅವಳು ಅದನ್ನು ಗೋಡೆಗೆ ತಾಗುವಷ್ಟು ತೆರೆದು, ಅವರು ದಾಟಿ ಬರುವ ತನಕ ಒತ್ತಿ ಹಿಡಿದುಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಬಂದರು.

ಬಾಗಿಲ ಬಳಿ ಕಾವಲುಗಾರ್ತಿ ಚಿಲಕವನ್ನು ಮೇಜಿನ ಮೇಲಿಟ್ಟಳು. ಸೊಸೆ ಅದನ್ನು ಚೀಲದ ತಳಕ್ಕೆ ತುರುಕಲು ಕೈ ಚಾಚುವಷ್ಟರಲ್ಲಿ ಅತ್ತೆ ಎತ್ತಿಕೊಂಡಿದ್ದರು. ಅಂಗೈಯಲ್ಲಿ ತೂಗಿ ನೋಡಿ, "ಗಟ್ಟಿಯಾಗಿದೆ," ಎಂದರು. ಆಮೇಲೆ ಕಾವಲುಗಾರ್ತಿಗೆ ಕೇಳಿಸದ ಹಾಗೆ ಸೊಸೆಯ ಕಡೆ ಬಾಗಿದರು.

"ಇದನ್ನ ಬಾಗಿಲ ಒಳಗಡೆ ಹಾಕಿಸ್ತೀಯಾ, ಹೊರಗಡೆಯಾ?"