ಹನ್ನೊಂದು ಮನೆಯ ಜೋಳ

“ಇವತ್ತ ಕಾಳು ಕೊಡೂದಿಲ್ಲ ಮೋತಿಬಿ, ನಾಳಿಗೆ ಬಾ,” ಎಂದು ವಿರೂಪಾಕ್ಷಪ್ಪ ಗೋದಾಮಿನ ಕಟ್ಟೆಯ ಮೇಲಿನಿಂದಲೇ ಕೈ ಬೀಸಿದರು. ಕಳಸಾಪುರದ ಮುದುಕಿ ಸೆರಗು ಮುಚ್ಚಿದ ಬೋಗುಣಿಯನ್ನು ಸೊಂಟಕ್ಕೆ ಒತ್ತಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಅವಳನ್ನು ಕಂಡೊಡನೆ ಕಸ್ತೂರೆವ್ವ ಅರ್ಧ ತೆರೆದಿದ್ದ ಬಾಗಿಲನ್ನು ಬೆನ್ನ ಹಿಂದೆ ಮೆಲ್ಲನೆ ಎಳೆದುಕೊಂಡಳು.

ಒಳಗೆ ಜೋಳದ ಚೀಲಗಳು ಜಂತಿ ಮುಟ್ಟಿದ್ದವು. ಹದಿನೈದು ದಿನದಿಂದ ಒಂದು ಚೀಲವೂ ಹೊರಗೆ ಹೋಗಿರಲಿಲ್ಲ. ಎಪ್ಪತ್ತಮೂರರ ಆ ಬರಗಾಲದ ಬೇಸಿಗೆಯಲ್ಲಿ ಹಸಿದವರಿಗೆ ಕಾಳು ಹಂಚುವ ಗದಗಿನ ಧಾನ್ಯ ಭಂಡಾರದ ಬಂಡಿ ಕಳಸಾಪುರ ಸೇರಿ ಸುತ್ತಲ ನಾಲ್ಕು ಹಳ್ಳಿಗಳಿಗೆ ಮಾತ್ರ ಹೋಗುತ್ತಿತ್ತು. ಶಿರಹಟ್ಟಿ, ಮುಂಡರಗಿ ಕಡೆಗೂ ಕಾಳು ಮುಟ್ಟಬೇಕಾದರೆ ದೊಡ್ಡ ಗೋದಾಮು ಬೇಕು, ಲಾರಿ ಬೇಕು. ಅದನ್ನು ಮಂಜೂರು ಮಾಡುವ ಸಾಹೇಬರು ಇಂದು ಬರುವವರಿದ್ದರು. ಅರೆಬರೆ ತುಂಬಿದ ಗೋದಾಮು ಕಂಡರೆ ಇದೇ ಸಾಕಲ್ಲ ಎಂದು ಹೊರಟುಬಿಡುತ್ತಾರೆ, ಅವರು ಬರುವತನಕ ಬಂಡಿ ನಿಲ್ಲಿಸೋಣ ಎಂದವಳು ಭಂಡಾರದ ಕಾರ್ಯದರ್ಶಿ ಕಸ್ತೂರೆವ್ವನೇ. “ಭಲೆ ತಂಗಿ, ಬಿ.ಎ. ಕಲತದ್ದು ನೀರಾಗ ಹೋಗಲಿಲ್ಲ,” ಎಂದು ಅಧ್ಯಕ್ಷ ವಿರೂಪಾಕ್ಷಪ್ಪ ಆಗ ಹೊಗಳಿದ್ದರು.

“ಬೇಡಾಕ ಬಂದಿಲ್ರಿ ಯಪ್ಪಾ, ಕೊಡಾಕ ಬಂದೇನಿ,” ಎಂದಳು ಮೋತಿಬಿ.

ವಿರೂಪಾಕ್ಷಪ್ಪ ನಕ್ಕರು. “ಏನ ಕೊಡ್ತೀಬೇ? ನಿನ್ನ ಆಸ್ತಿ ಬರದ ಕೊಡ್ತಿ ಏನ?”

“ಆಸ್ತಿ ಇದ್ದಿದ್ರ ನಿಮ್ಮ ಮಾರಿ ಯಾಕ ನೋಡ್ತಿದ್ದೆ?” ಮುದುಕಿಯೂ ನಕ್ಕು ಸೆರಗು ಸರಿಸಿದಳು. ಬೋಗುಣಿಯ ತುಂಬ ಜೋಳ. ಒಳ್ಳೆಯದು, ಮುಗ್ಗಲು, ನುಸಿ ತಿಂದದ್ದು, ಎಲ್ಲ ಬೆರೆತಿತ್ತು. “ಹದಿನೈದ ದಿನಾ ಬಂಡಿ ಬರಲಿಲ್ಲ ಅಕ್ಕಾರ. ಭಂಡಾರ ಬರಿದಾತು ಅಂತ ಓಣ್ಯಾಗ ಎಲ್ಲಾರೂ ಮಾತಾಡಿದ್ರು. ಕೊಟ್ಟಾಗ ಉಂಡವರು, ತೀರಿದಾಗ ಸುಮ್ಮ ಕುಂತ್ರ ಹ್ಯಾಂಗ್ರಿ? ಹನ್ನೊಂದ ಮನಿ ತಿರುಗಿ ಹಿಡಿ ಹಿಡಿ ಕೂಡಿಸೇನಿ. ನಮಗಿಂತ ಇಲ್ಲದವರು ಯಾರರೆ ಬಂದ್ರ ಕೊಡ್ರಿ.”

“ಮತ್ತ ನೀವು? ನೀವೇನ ಉಣ್ಣಾಕ ಹತ್ತೀರಿ?” ಕಸ್ತೂರೆವ್ವ ಬಾಗಿಲಿಗೆ ಬೆನ್ನು ಆನಿಸಿ ಕೇಳಿದಳು.

“ಅಂಬಲಿ ಐತಲ್ರಿ. ಒಂದೀಟ ತೆಳ್ಳಗ ಆಗೇತಿ, ಅಷ್ಟ. ಬಗ್ಗಿ ನೋಡಿದ್ರ ಮಾರಿ ಕಾಣ್ತೈತಿ.” ಮೋತಿಬಿ ಮೆಟ್ಟಿಲೇರಿ ಬೋಗುಣಿ ಮುಂದೆ ಹಿಡಿದಳು. “ಜೋಳಾ ಸುರಕೊಂಡು ಇದನ್ನ ತಿರುಗಿ ಕೊಡ್ರಿ. ಮನ್ಯಾಗ ಇದೊಂದ ಐತಿ.”

ಸುರಿಯಬೇಕೆಂದರೆ ಬಾಗಿಲು ತೆರೆಯಬೇಕು. ಕಸ್ತೂರೆವ್ವ ಸೆರಗೊಡ್ಡಿದಳು. ಹನ್ನೊಂದು ಮನೆಯ ಜೋಳ ಅದರೊಳಗೆ ಬಿತ್ತು. ಖಾಲಿ ಬೋಗುಣಿಯನ್ನೇ ಅವಳು ನೋಡುತ್ತಿದ್ದುದನ್ನು ಕಂಡು ಮೋತಿಬಿ, “ಬರೇ ಬೋಗುಣಿ ಹ್ಯಾಂಗ ಕಳಸೂದು ಅಂತೀರೇನು? ಇಲ್ಲದಾಗ ಒಂದ ಎಲಿ ಸಾಕ್ರಿ,” ಎಂದು ಕಟ್ಟೆಗೆ ಬಾಗಿದ್ದ ಬೇವಿನ ಟೊಂಗೆಯಿಂದ ತಾನೇ ಒಂದು ಎಲೆ ಕಿತ್ತು ಬೋಗುಣಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಜೀಪು ಬಂದು ನಿಂತಿತು. “ಬರ್ರಿ ಸಾಹೇಬ್ರ, ನೀವ ನೋಡ್ರಿ,” ಎನ್ನುತ್ತ ವಿರೂಪಾಕ್ಷಪ್ಪ ಎರಡೂ ಬಾಗಿಲನ್ನು ದಡಾರನೆ ತೆರೆದರು.

ಮೋತಿಬಿ ಹೊಸ್ತಿಲಿನಿಂದ ಜಂತಿಯವರೆಗೆ ಕಣ್ಣೆತ್ತಿ ನೋಡಿದಳು. ಒಂದು ಬೈಗುಳವಾದರೂ ಬರಲಿ ಎಂದು ಕಸ್ತೂರೆವ್ವ ಕಾದಳು. ಮುದುಕಿಯ ಮುಖ ಅರಳಿತು.

“ಯಾ ಅಲ್ಲಾ, ತೀರಿಲ್ಲ! ಓಣ್ಯಾಗ ಜಲ್ದಿ ಹೇಳಬೇಕ್ರಿ. ಎಲ್ಲಾರೂ ನಿಮ್ಮ ಕಾಳಜಿ ಮಾಡಾಕ ಹತ್ತಿದ್ರು.”

“ನಿಮ್ಮ ಜೋಳಾ ಒಯ್ರಿ...” ಎಂದು ಕಸ್ತೂರೆವ್ವ ಸೆರಗನ್ನು ಮುಂದೆ ಹಿಡಿದಳು.

“ಕೊಟ್ಟ ಕಾಳು ಯಾರರೆ ತಿರುಗಿ ಒಯ್ತಾರೇನ್ರಿ?” ಎಲೆ ಹಾಕಿದ ಬೋಗುಣಿ ಹಿಡಿದು ಅವಳು ಬಿರಬಿರನೆ ಇಳಿದು ಹೋದಳು.

ಸಾಹೇಬರು ಒಳಗೆಲ್ಲ ನೋಡಿ ಹೊರಬಂದರು. “ಖರೆ, ಇಲ್ಲಿ ಕಾಲಿಡಲಿಕ್ಕೂ ಜಾಗಾ ಇಲ್ಲ. ದೊಡ್ಡದು ಬೇಕೇಬೇಕು,” ಎಂದು ಕಸ್ತೂರೆವ್ವನಿಗೆ ಕೈ ಮುಗಿದರು. ತಿರುಗಿ ಮುಗಿಯಲು ಅವಳಿಗೆ ಕೈ ಬಿಡುವಿರಲಿಲ್ಲ. ತುಂಬಿದ ಗೋದಾಮಿನ ಮುಂದೆ, ಎರಡೂ ಕೈಯಲ್ಲಿ ಸೆರಗೊಡ್ಡಿಕೊಂಡು ನಿಂತಿದ್ದಳು.