ಹಳಿಯೊಳಗಿನ ಮೂರು ಏಟು

ಗಣಿಯ ಸುರಂಗ ಕುಸಿದು ಚೌಡಮ್ಮನ ಗಂಡ ಆಚೆ ಸಿಕ್ಕಿಕೊಂಡಿದ್ದ. ಮಣ್ಣಿನೊಳಗೆ ಹೊಕ್ಕಿದ್ದ ಗಾಡಿ ಹಳಿಗೆ ಕಿವಿಯಿಟ್ಟು ಅವಳು ಕಲ್ಲಿನಿಂದ ಮೂರು ಏಟು ಬಡಿದಳು. ಹಳಿಯೊಳಗಿಂದ ಮೂರು ಏಟು ಮರಳಿ ಬಂದವು.

“ಕೂಗಿದ್ದು ಕೇಳ್ದಿದ್ರೂ ಕಬ್ಬಿಣ ಸದ್ದು ತರ್ತದೆ ಕಣಮ್ಮಾ. ಬದುಕವ್ನೆ!” ಎಂದ ಮೇಸ್ತ್ರಿ. “ಮೆಲ್ಲಗೆ ಅಗೀರ್ಲಾ, ಅವನ ಮೇಲೆ ಜರಿದೀತು.”

ಇಡೀ ದಿನ ಅವಳು ಬಡಿದಾಗಲೆಲ್ಲ ಉತ್ತರ ಬಂತು. “ಮನೇಲಿ ಕೂಗಿದ್ರೆ ಒಂದಿನಾನೂ ಇಷ್ಟು ಬೇಗ ಓ ಅಂದೋರಲ್ಲ,” ಎಂದು ಅಳುತ್ತಲೇ ನಕ್ಕಳು.

ಸಂಜೆಗೆ ಮಣ್ಣಿನಲ್ಲಿ ತೂತು ಬಿತ್ತು. ಆಚೆಯಿಂದ ಟಾರ್ಚಿನ ಬೆಳಕು ಬಂತು.

“ಹಳೇ ಸುರಂಗದಿಂದ ಅಗೀತಾ ಬಂದೋರು ನಾವು,” ಎಂದಿತೊಂದು ದನಿ. “ಈ ಹಳೀಲಿ ಅವನು ಬಡಿಯೋದು ಕೇಳಿ ಬೆಳಗ್ಗೆಯಿಂದ ನಾವೂ ಬಡೀತಾನೇ ಇದ್ವಿ. ನಿಮಗೆ ಸಿಕ್ಕಿದ್ನಾ?”